ದೆವ್ವ ಓಡಿಸುವ ದೃಶ್ಯ

ಸಣ್ಣ ಊರಿನಲ್ಲಿ ತೆಗೆದ ಅಗ್ಗದ ದೆವ್ವದ ಸಿನಿಮಾ ನಮ್ಮದು. ಬಟ್ಟೆ ಹೊಂದಿಸುವವಳೂ ನಾನೇ, ದೆವ್ವದ ಮುಖಕ್ಕೆ ಪೌಡರ್ ಬಳಿಯುವವಳೂ ನಾನೇ. ನಿರ್ದೇಶಕನ ಕೆಲಸ ಅಂಗೈಯಲ್ಲಿ ಆಕಾಶ ತೋರಿಸುವುದು. ದೆವ್ವಕ್ಕೆ ಉಡುಪಿಲ್ಲ ಎಂದು ನಾನು ರೇಗಿದಾಗ, ಚಿತ್ರೀಕರಣಕ್ಕೆ ಮನೆ ಕೊಟ್ಟಿದ್ದ ನಿವೃತ್ತ ಮೇಷ್ಟ್ರು ತೀರಿಹೋದ ಹೆಂಡತಿಯ ಬೂದು ಸ್ವೆಟರನ್ನು ಬೀರುವಿನಿಂದ ತಂದುಕೊಟ್ಟರು. ಮೊಣಕೈಯಲ್ಲಿ ತೇಪೆಯಿತ್ತು.

ಮೊದಲ ದಿನ ಅವರು ಮೆಟ್ಟಿಲ ಮೇಲೆ ಕುಳಿತು ಸುಮ್ಮನೆ ನೋಡಿದರು. ಎರಡನೆಯ ದಿನ ದೆವ್ವದ ಪಾತ್ರದ ಹುಡುಗಿಯನ್ನು ಕರೆದು, "ಬಾಗ್ಲನ್ನ ಕೈಲಿ ತಳ್ಬೇಡಮ್ಮ, ಸೊಂಟದಲ್ಲಿ ತಳ್ಳು" ಎಂದರು. ಆಮೇಲೆ ಕೆಮ್ಮುವುದು, ಕೆಮ್ಮಿ ಕಿಟಕಿಗೆ ಒರಗುವುದು, ಎಲ್ಲವನ್ನೂ ಅವರೇ ಕಲಿಸಿದರು. ಪುಕ್ಕಟೆ ಪಾಠ ಸಿಕ್ಕಿತೆಂದು ನಿರ್ದೇಶಕ ಹಿರಿಹಿರಿ ಹಿಗ್ಗಿದ.

ಕೊನೆಯ ದಿನ, ಮಂತ್ರವಾದಿ ದೆವ್ವವನ್ನು ಮನೆಯಿಂದಾಚೆ ಅಟ್ಟುವ ದೃಶ್ಯವಿತ್ತು. ನಾವು ಹೋದಾಗ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ನಿರ್ದೇಶಕ ಬಡಿದ, ಅಂಗಲಾಚಿದ. "ಇವತ್ತು ಮುಗಿಸ್ಲಿಲ್ಲ ಅಂದ್ರೆ ನಾನು ಸತ್ತೆ ಸಾರ್" ಎಂದ.

ಮೇಷ್ಟ್ರು ಕಿಟಕಿಯನ್ನು ಒಂದಿಷ್ಟೇ ತೆರೆದರು.

"ಓಡ್ಸೋದನ್ನ ಬೇರೆ ಯಾರ ಮನೇಲಾದ್ರೂ ಇಟ್ಕೊಳ್ಳಿ" ಎಂದರು. "ಈಗಷ್ಟೇ ಬಂದಿದಾಳೆ."