ಮೊದಲ ಸೌಟು

ನಾನು ಒಂದು ಹಿತ್ತಾಳೆಯ ಸೌಟು. ಬೆಟಗೇರಿಯ ಕಂಚಗಾರನೊಬ್ಬನ ಸುತ್ತಿಗೆಯ ಪೆಟ್ಟು ತಿಂದು ಹುಟ್ಟಿದೆ. ಉದ್ದ ಹಿಡಿಕೆ, ಬೊಗಸೆಯಷ್ಟು ಬಾಯಿ, ಒಳಗೆ ಬೆಳ್ಳಗೆ ಮಿನುಗುವ ಕಲಾಯಿ. ಈಗ ನನ್ನನ್ನು ನೋಡಬೇಕೆಂದರೆ ಗದಗಿನ ದೊಡ್ಡ ಹೋಟೆಲೊಂದರ ಬಾಗಿಲಲ್ಲಿರುವ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಬೇಕು. ದೇವರಿಗೆ ಇಟ್ಟ ಹಾಗೆ ನನಗೂ ಒಂದು ಪುಟ್ಟ ದೀಪ ಇಟ್ಟಿದ್ದಾರೆ. ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ನನ್ನನ್ನು ಕೊಂಡವನು ಈರಬಸಪ್ಪ. ಆಗ ಅವನದು ಬಸ್ ನಿಲ್ದಾಣದ ಹಿಂದಿನ ತಗಡಿನ ಖಾನಾವಳಿ. ಪಲ್ಯ ನೀಡುವವನೂ ಅವನೇ, ತಾಟು ಎತ್ತುವವನೂ ಅವನೇ. ರೊಟ್ಟಿ ಬಡಿಯಲು ಗುರುಸಿದ್ಧವ್ವ, ಜೊತೆಗೆ ಅವಳ ಓಣಿಯ ಒಂದಿಬ್ಬರು ಹೆಂಗಸರು. ಅಡುಗೆ ಇಳಿದ ಕೂಡಲೇ ಈರಬಸಪ್ಪ ಅವರನ್ನು ಸಾಲಾಗಿ ಕೂರಿಸಿ ಮೊದಲ ಸೌಟು ಅವರ ತಾಟಿಗೇ ಹಾಕುತ್ತಿದ್ದ. ಎಣ್ಣೆ ತೇಲುವ ಬದನೆಕಾಯಿಯನ್ನೇ ಮೊಗೆಯುತ್ತಿದ್ದ, ತಳದ ಚೂರನ್ನಲ್ಲ. "ಉಂಡ್ರೇನವಾ ಎಲ್ಲಾರೂ?" ಎಂದು ಕೇಳಿ, ಹೂಂ ಅನ್ನಿಸಿಕೊಂಡ ಮೇಲೆಯೇ ಬಾಗಿಲು ತೆರೆಯುತ್ತಿದ್ದ.

"ಗಿರಾಕಿ ಹೊರಗ ನಿಂತಾರ, ಈರಬಸಣ್ಣ," ಎಂದು ಗುರುಸಿದ್ಧವ್ವ ಒಮ್ಮೆ ಸಂಕೋಚಪಟ್ಟಳು.

"ನಿಂದರಲಿ ಬಿಡವಾ. ಮಂದಿ ಖಾನಾವಳ್ಯಾಗ ದುಡಿಯೂ ಮುಂದ ಉಳಿದದ್ದು ಬಳದದ್ದು ಉಂಡೇನಿ ನಾ. ನನ್ನ ಕಡೆ ಯಾರೂ ಹಂಗ ಉಣಬಾರ್ದು."

ಆ ದಿನ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಇಂಥವನ ಕೈಗೆ ಬಿದ್ದೆನಲ್ಲ, ಜನ್ಮ ಸಾರ್ಥಕವಾಯಿತು ಅಂದುಕೊಂಡೆ.

ಆ ಹೆಂಗಸರ ರೊಟ್ಟಿಯ ರುಚಿ ಊರೆಲ್ಲ ಹಬ್ಬಿತು. ತಗಡಿನ ಮುಂದೆ ಕಾರುಗಳು ನಿಂತವು. ಪತ್ರಿಕೆಯಲ್ಲಿ ಈರಬಸಪ್ಪನ ಫೋಟೊ ಬಂತು. ಅದನ್ನು ಊರಿನವರಿಗಿಂತ ಹೆಚ್ಚು ಸಲ ಅವನೇ ನೋಡಿಕೊಂಡ. ಒಂದು ದಿನ ಗದ್ದಲ ಜೋರಾಗಿತ್ತು. "ಇವತ್ತೊಂದ ದಿನ ತಡೀರಿ," ಎಂದ. ಹೆಂಗಸರು ತಡೆದರು. ಮರುದಿನ ಅವನು ತಡೀರಿ ಎಂದೂ ಹೇಳಲಿಲ್ಲ. ಚಪ್ಪಲಿ ಬಿಟ್ಟು ಮೆಲ್ಲಗೆ ಒಳಬಂದ ನೆಂಟನ ಹಾಗೆ ತಪ್ಪು ಬಂತು, ಮತ್ತೆ ಎದ್ದು ಹೋಗಲೇ ಇಲ್ಲ. ಗಿರಾಕಿಗಳು ಕೈತೊಳೆದ ಮೇಲೆ ಅವರ ಊಟ ಎಂದಾಯಿತು. ಆಮೇಲೆ ಅವರಿಗೆಂದೇ ತೆಳ್ಳಗಿನ ಬೇಳೆಯ ಬೇರೆ ಪಾತ್ರೆ ಬಂತು. ಅದರಲ್ಲಿ ನನ್ನನ್ನು ಅದ್ದುತ್ತಿರಲಿಲ್ಲ.

ಮೂರಂತಸ್ತಿನ ಹೊಸ ಹೋಟೆಲ್ ತೆರೆದ ದಿನ ಗುರುಸಿದ್ಧವ್ವ ನಸುಕಿನಿಂದ ಒಲೆಯ ಮುಂದಿದ್ದಳು. ನೀರು ಬಿಟ್ಟರೆ ಬೇರೇನೂ ಹೊಟ್ಟೆಗೆ ಬಿದ್ದಿರಲಿಲ್ಲ. ಕಣ್ಣಿಗೆ ಕತ್ತಲೆ ಬಂದಾಗ ಎದ್ದು, ನನ್ನನ್ನು ಹಿಡಿದು, ದೊಡ್ಡ ಪಾತ್ರೆಯಿಂದ ಒಂದು ಸೌಟು ಪಲ್ಯ ತನ್ನ ರೊಟ್ಟಿಗೆ ಹಾಕಿಕೊಳ್ಳಹೋದಳು. ಅದೇ ಹೊತ್ತಿಗೆ ಈರಬಸಪ್ಪ ದೊಡ್ಡ ಮನುಷ್ಯರಿಗೆ ಅಡುಗೆಮನೆ ತೋರಿಸಲು ಬಂದ.

"ಬಂದವರಕಿಂತ ಮೊದಲ ಕೈ ಹಾಕ್ತಿ? ನಾಚಿಕಿ ಅನ್ನೂದು ಐತೋ ಇಲ್ಲೋ ನಿನಗ?" ಎಂದು ನನ್ನನ್ನು ಕಿತ್ತುಕೊಂಡ. ಬಿಸಿ ಪಲ್ಯ ಅವಳ ಮುಂಗೈ ಮೇಲೆ ಚೆಲ್ಲಿತು. ಸುಡಿಸಿದವನು ಅವನು, ಸುಟ್ಟದ್ದು ಮಾತ್ರ ನಾನು.

"ಮೊದಲ ಸೌಟ ನಮ್ಮದಂತ ನೀವ ಹೇಳಿದ್ರಿ, ಸಾವಕಾರ್ರ."

ಅವಳು ಅವನನ್ನು ಸಾವಕಾರ್ರ ಎಂದು ಕರೆದದ್ದು ಅದೇ ಮೊದಲು. ರೊಟ್ಟಿಯನ್ನು ಅಲ್ಲೇ ಇಟ್ಟು, ಕೈತೊಳೆದು ಹಿತ್ತಿಲ ಬಾಗಿಲಿಂದ ಹೋದಳು. ಕರೆಯಲೆಂದೋ ಏನೋ ಈರಬಸಪ್ಪನ ಬಾಯಿ ತುಸು ತೆರೆಯಿತು. ಅಷ್ಟರಲ್ಲಿ ಯಾರೋ ಅವನ ಕೊರಳಿಗೆ ಹಾರ ಹಾಕಿದರು.

ಅಲ್ಲಿಂದ ನಾನು ಗಾಜಿನ ಪೆಟ್ಟಿಗೆ ಸೇರಿದೆ. ಹೊರಮೈಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಒಳಗಿನ ಕಲಾಯಿ ಹೋಗಿ ಎಷ್ಟೋ ಕಾಲವಾಯಿತು. ಹೊಸದಾಗಿ ವ್ಯಾಪಾರ ಹೂಡುವವರು ಬುದ್ಧಿ ಕೇಳಲು ಈರಬಸಪ್ಪನ ಬಳಿ ಬರುತ್ತಾರೆ. ಅವನು ನನ್ನತ್ತ ಬೆರಳು ತೋರಿಸಿ, ಕೆಲಸದವರೆಂದರೆ ತನ್ನ ಮನೆಯವರು, ಮೊದಲ ಸೌಟು ಯಾವತ್ತೂ ಅವರದೇ ಎನ್ನುತ್ತಾನೆ. ಹೇಳುವಾಗ ಕಣ್ಣಲ್ಲಿ ನೀರು ಬರುತ್ತದೆ. ಅದು ನಾಟಕವಾಗಿದ್ದರೆ ಕ್ಷಮಿಸುತ್ತಿದ್ದೆ. ಅವನು ಅದನ್ನು ನಿಜವಾಗಿ ನಂಬಿದ್ದಾನೆ.

ಅಂಥವರದೊಂದು ಸಭೆಗೆ ಕಾರು ಕಳಿಸಿ ಗುರುಸಿದ್ಧವ್ವನನ್ನು ಕರೆಸಿದ. ಮುದುಕಿ ತೊಳೆದ ಸೀರೆ ಉಟ್ಟು ಬಂದಳು. ಇಷ್ಟು ವರ್ಷದ ಮೇಲಾದರೂ ತಪ್ಪಾಯಿತು ಅಂತಾನೇನೋ ಎಂಬ ಆಸೆ ಅವಳ ಮುಖದಲ್ಲಿತ್ತು. ನನಗೂ ಇತ್ತು. ಅವನು ಅವಳ ಮುಂದೆ ತಾಟಿಟ್ಟು, ನನ್ನಲ್ಲಿ ಪಲ್ಯ ತುಂಬಿ, ಕ್ಯಾಮೆರಾದ ಕಡೆ ನಕ್ಕ.

ಅವಳು ತಾಟಿನ ಮೇಲೆ ಕೈ ಅಡ್ಡ ಹಿಡಿದಳು. ಗೋಡೆಗುಂಟ ನಿಂತ ಕೆಲಸದವರ ಕಡೆ ತಿರುಗಿ, "ಉಂಡ್ರೇನವಾ ನೀವೆಲ್ಲಾ?" ಎಂದಳು.

ಅವರು ಸಾವಕಾರನ ಮುಖ ನೋಡಿದರು. ಹೂಂ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ, ಇಲ್ಲ ಎನ್ನುವ ಧೈರ್ಯವೂ ಬರಲಿಲ್ಲ.

"ಇವರ ಉಂಡಿಲ್ಲಲ್ಲ, ಈರಬಸಣ್ಣ. ನಾ ಹ್ಯಾಂಗ ಉಣ್ಲಿ?" ಎಂದು ಮುದುಕಿ ಎದ್ದಳು.

ನನ್ನನ್ನು ತೊಳೆದು ಮತ್ತೆ ಪೆಟ್ಟಿಗೆಯಲ್ಲಿಟ್ಟರು. ಆ ದಿನದ ಫೋಟೊ ಈಗ ನನ್ನ ಪಕ್ಕದಲ್ಲೇ ಇದೆ. ಅದರಲ್ಲಿ ಈರಬಸಪ್ಪ ನಗುತ್ತಿದ್ದಾನೆ, ಮುದುಕಿ ಕೈ ಚಾಚಿದ್ದಾಳೆ. ಕೆಳಗೆ "ಹಸಿದವರಿಗೆ ಮೊದಲ ಸೌಟು" ಎಂದು ಬರೆಸಿದ್ದಾರೆ. ನೋಡಿದವರೆಲ್ಲ ಆಕೆ ಅನ್ನ ಬೇಡುತ್ತಿದ್ದಾಳೆ ಅಂದುಕೊಂಡು, ಸಾವಕಾರನಿಗೆ ಕೈಮುಗಿದು ಊಟಕ್ಕೆ ಒಳಗೆ ಹೋಗುತ್ತಾರೆ.