ಪೆಟ್ಟಿಗೆಯೊಳಗಿನ ಟೈರು

ಬಿಸಿಲು ಮತ್ತೆ ಪೆಟ್ಟಿಗೆಯ ಮೇಲೆ ಜಾರಿತು, ಬಿಗಿದ ಪ್ಲಾಸ್ಟಿಕ್ ಹಾಳೆಯ ಈ ಮೂಲೆಯಿಂದ ಆ ಮೂಲೆಗೆ, ಸೇತುವೆಯ ಕಂಬವೊಂದು ಅಡ್ಡ ಬಂತು, ಹೋಯಿತು, ಮತ್ತೆ ಬಿಸಿಲು, ಮತ್ತೆ ಕಂಬ — ರಸ್ತೆ ನೋಡು ರೂಡಿ, ಪಕ್ಕದ ಸೀಟು ನೋಡಬೇಡ, ಅದೇನು ಎದ್ದು ಓಡಿಹೋಗುವುದಿಲ್ಲ, ಬೆಲ್ಟು ಹಾಕಿ ಕೂರಿಸಿದ್ದಾಗಿದೆ, ಹೆಂಡತಿ ಇಲೋನಾ ಬಾಗಿಲಲ್ಲಿ ನಿಂತು ನಕ್ಕಳಲ್ಲ, ಹೆತ್ತ ಮಕ್ಕಳನ್ನೂ ನೀನು ಇಷ್ಟು ಜೋಪಾನವಾಗಿ ಕರ್ಕೊಂಡು ಹೋಗಿರ್ಲಿಲ್ಲ ಕಣಪ್ಪ, ತಲೆಗೊಂದು ಟೋಪಿ ಹಾಕು, ನೆಗಡಿ ಆದೀತು ಅದಕ್ಕೆ — ನಗಲಿ, ಇಷ್ಟು ವರ್ಷ ಅದರ ಧೂಳು ಒರೆಸಿದವಳು ಅವಳು, ನಗುವ ಹಕ್ಕಿದೆ. ಕೆಳಗೆ ಮೌಮೀ ನದಿ ಅರ್ಧ ಹೆಪ್ಪುಗಟ್ಟಿ ಮಲಗಿದೆ, ದಡದಲ್ಲೆಲ್ಲ ಬೆಳ್ಳನೆ ಮಂಜುಗಡ್ಡೆ, ನಡುವೆ ಮಾತ್ರ ಕಪ್ಪು ನೀರು, ಗೆಳೆಯ ಹಾರ್ಲನ್‌ನ ಕಣ್ಣೂ ಹೀಗೇ ಅಂತೆ, ಸುತ್ತ ಬೆಳಕು, ನಡುವೆ ಕಪ್ಪು, ತಟ್ಟೆ ಮಧ್ಯ ಯಾರೋ ಮಸಿ ಚೆಲ್ಲಿದಾರೆ ಕಣೋ, ಅಂಚಲ್ಲಿ ಉಳಿದಿದ್ದನ್ನ ಬಳ್ಕೊಂಡು ತಿಂತಾ ಇದೀನಿ, ಬೇಸಿಗೆ ಹೊತ್ತಿಗೆ ಅಂಚೂ ಹೋಗುತ್ತಂತೆ, ಡಾಕ್ಟರಮ್ಮ ಹೇಳಿದ್ಳು, ಪೆಟ್ಟಿಗೆ ತಗೊಂಡು ಬಾ, ಈಗ ತೆಗೀದಿದ್ರೆ ಆಮೇಲೆ ಅದು ಹೇಗಿದೆ ಅಂತ ನೀನು ಕೂತು ಕಥೆ ಹೇಳ್ಬೇಕು, ನೀನು ಹೇಳೋ ಕಥೆ ಯಾರಿಗೆ ಬೇಕು — ಫೋನಿನಲ್ಲಿ ಅಷ್ಟು ಹೇಳಿ ನಕ್ಕ, ರೂಡಿಯೂ ನಕ್ಕ, ಫೋನಿಟ್ಟ ಮೇಲೆ ಗೆಳೆಯನ ಕಣ್ಣಿಗೆ ಇನ್ನೊಂದು ಬೇಸಿಗೆ ಇಲ್ಲ ಎಂಬ ಮಾತು ಎದೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಓಡಾಡುತ್ತಿತ್ತು. ಬೆಳಿಗ್ಗೆ ಪೆಟ್ಟಿಗೆಯನ್ನು ಶೆಲ್ಫಿನಿಂದ ಇಳಿಸಿ ಕಿವಿಗೆ ಹಿಡಿದು ಮೆಲ್ಲಗೆ ಈ ಕಡೆ ಓರೆ ಮಾಡಿದ, ಆ ಕಡೆ ಓರೆ ಮಾಡಿದ, ಬಿಡಿಭಾಗಗಳು ಸರಬರ ಅಂದವು, ಅಷ್ಟೇ, ಟೈರು ಉರುಳಲಿಲ್ಲ.

ಟೈರು ಉರುಳುತ್ತಿತ್ತು, ಅದೇ ತಾನೇ ಸಂಗತಿ, ಬಿಡಿಭಾಗ ಜೋಡಿಸಿ ಕಟ್ಟುವ ಮಾಡೆಲ್ ಕಾರು ಅದು, ನಾಲ್ಕರಲ್ಲಿ ಒಂದು ಟೈರು ಒಳಗೆ ತನ್ನ ಚೀಲದಿಂದ ತಪ್ಪಿಸಿಕೊಂಡಿತ್ತು, ಓರೆ ಮಾಡಿದರೆ ಈ ತುದಿಯಿಂದ ಆ ತುದಿಗೆ ಗುಡುಗುಡು ಓಡುತ್ತಿತ್ತು, ಹಾರ್ಲನ್ ರಟ್ಟಿಗೆ ಕಿವಿ ಒತ್ತಿ, ಆಗ ಹನ್ನೆರಡರ ಹುಡುಗ, ಮುಂದಿನ ಹಲ್ಲು ಮುರಿದಿತ್ತು, ಕೇಳೋ, ಓಡ್ತಾ ಇದೆ ಕಣೋ, ಕಟ್ಟೋಕೆ ಮುಂಚೇನೇ ಓಡ್ತಾ ಇದೆ — ಕೆಂಟಕಿ ಬೆಟ್ಟದಿಂದ ಬಂದವನ ಎಳೆದೆಳೆದು ಆಡುವ ಮಾತು, ಹಂಗೇರಿಯವರ ಬೀದಿಯಲ್ಲಿ ಎಲ್ಲರೂ ಅಣಕಿಸುತ್ತಿದ್ದರು, ರೂಡಿಯ ಅಮ್ಮ ಮಾತ್ರ ಕೂರಿಸಿ ಕೆಂಪು ಕೋಳಿಸಾರು ಬಡಿಸುತ್ತಿದ್ದಳು, ತಿನ್ನು ಮಗನೇ, ಮಾತು ಆಮೇಲೆ ಸರಿಹೋಗುತ್ತೆ. ಆ ಚಳಿಗಾಲ ಇಬ್ಬರೂ ಬೀದಿಯ ಮನೆಮನೆಯ ಮುಂದೆ ಹಿಮ ಗೋರಿ ಗೋರಿ ಕೊಂಡದ್ದು ಈ ಪೆಟ್ಟಿಗೆ, ಅಂಗಡಿಯ ಮೇಲಿನ ಹಲಗೆಯಲ್ಲಿ ಕೂತು ಊರ ಹುಡುಗರ ನಿದ್ದೆ ಕೆಡಿಸಿದ್ದು, ಬೇರೆ ಮಾಡೆಲ್ ಕಾರುಗಳೆಲ್ಲ ಅಂಗೈಗೆ ಬರುವಂಥವು, ಇದು ಕಟ್ಟಿ ಮುಗಿಸಿದರೆ ಮೊಣಕೈಯಿಂದ ಬೆರಳ ತುದಿಯವರೆಗೆ ಬರುವ ಮೂವತ್ತೆರಡನೇ ಇಸವಿಯ ಮೇಲ್ಚಾವಣಿಯಿಲ್ಲದ ರೋಡ್‌ಸ್ಟರ್, ಬಾಗಿಲು ತೆರೆಯುತ್ತದೆ, ಸ್ಟೀರಿಂಗು ತಿರುಗಿಸಿದರೆ ಮುಂದಿನ ಚಕ್ರ ತಿರುಗುತ್ತದೆ, ಪೆಟ್ಟಿಗೆಯ ಮೇಲಿನ ಚಿತ್ರ ನೋಡಿಯೇ ಉಸಿರು ನಿಂತಿತ್ತು, ಆಗ ಹಾರ್ಲನ್ ಹೇಳಿದ, ಬೇಡ ಕಣೋ, ಈಗಲೇ ತೆಗೆದ್ರೆ ಅಂಟು ಮೆತ್ತಿ ಹಾಳು ಮಾಡ್ತೀವಿ, ಕೈ ಪಳಗಲಿ. ಕೈ ಪಳಗಲಿ. ಸಣ್ಣವುಗಳ ಮೇಲೆ ಕೈ ಪಳಗಿಸಿದರು, ಯಾರೋ ಅಂಟು ಸುರಿದು ಕೆಡಿಸಿದ ಹಳೇ ಕಾರುಗಳನ್ನು ತಂದು ಬಣ್ಣ ಕಿತ್ತು, ಕೀಲು ಬಿಡಿಸಿ, ಮತ್ತೆ ಕಟ್ಟಿದರು, ಮೀಸೆ ಬಂತು, ಮದುವೆಯಾಯಿತು, ಕಪಾಟು ತುಂಬಿತು, ಪ್ರದರ್ಶನಗಳಲ್ಲಿ ಜನ ಬಗ್ಗಿ ನೋಡಿ ಹುಬ್ಬೇರಿಸಿದರು, ಪೆಟ್ಟಿಗೆ ಮಾತ್ರ ಒಂದು ವರ್ಷ ಇವನ ಮನೆ, ಒಂದು ವರ್ಷ ಅವನ ಮನೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಕೈ ಬದಲಾಯಿಸುತ್ತಿತ್ತು, ಒಬ್ಬನೇ ತೆಗೆಯುವಂತಿಲ್ಲ, ಇಬ್ಬರೂ ಇರಬೇಕು, ಅದು ಮಾತು. ಪ್ರತಿ ಸಲವೂ ಮೇಜಿನ ಮೇಲಿಟ್ಟು ಕೂರುವುದು, ಏನಂತೀಯ, ಈ ಸಲ ತೆಗೆಯೋಣವಾ, ಇನ್ನೊಂದು ಸ್ವಲ್ಪ ಕೈ ಪಳಗಲಿ, ಓರೆ ಮಾಡು, ಓಡ್ತಾ ಇದೆಯಾ, ಓಡ್ತಾ ಇದೆ, ಸರಿ ಹಾಗಾದ್ರೆ — ಎಷ್ಟು ಹಾಯಾಗಿತ್ತು ಆ ಸರಿ ಹಾಗಾದ್ರೆ, ಮುಂದೆ ಒಂದು ದಿನ ಇದೆ, ಅದು ಎಲ್ಲಿಗೂ ಹೋಗುವುದಿಲ್ಲ, ಪ್ಲಾಸ್ಟಿಕ್ ಹಾಳೆಯೊಳಗೆ ಬೆಚ್ಚಗಿದೆ ಅಂದುಕೊಳ್ಳುವುದು.

ಜಗಳವಾಡಿದ್ದು ಬಣ್ಣಕ್ಕೆ, ನೆನೆದರೆ ಈಗಲೂ ನಗು ಬರುತ್ತದೆ, ಇನ್ನೂ ತೆಗೆಯದ ಪೆಟ್ಟಿಗೆಯೊಳಗಿನ, ಇನ್ನೂ ಕಟ್ಟದ ಕಾರಿನ ಬಣ್ಣ, ಹಾರ್ಲನ್ ಕಪ್ಪು ಅಂದ, ರೂಡಿ ಕೆಂಪು ಅಂದ, ದ್ರಾಕ್ಷಾರಸದಂಥ ಕೆಂಪು, ಕಪ್ಪು ಹೆಣದ ಗಾಡಿಗೆ ಬಳಿಯೋದು ಕಣೋ, ಕೆಂಪು ಸೂಳೆಗೇರಿ ಬಾಗಿಲಿಗೆ ಬಳಿಯೋದು, ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಗಿ ಹಳೇದೆಲ್ಲ ಎದ್ದು ಬಂತು, ನಾಲ್ಕಾರು ವರ್ಷ ಮುಖ ನೋಡಲಿಲ್ಲ ಇಬ್ಬರೂ, ಆದರೆ ಹಬ್ಬದ ಮರುದಿನ ಬೆಲ್ಲು ಹೊಡೆಯುತ್ತಿತ್ತು, ಬಾಗಿಲು ತೆಗೆದರೆ ಜಗಲಿಯಲ್ಲಿ ಪೆಟ್ಟಿಗೆ, ಮೇಲೆ ಟವೆಲು ಹೊದಿಸಿದೆ, ಬೀದಿಯ ಕೊನೆಯಲ್ಲಿ ಹಾರ್ಲನ್‌ನ ಟ್ರಕ್ಕಿನ ಹಿಂದಿನ ದೀಪ, ಎಂಥ ಹಟಮಾರಿ ಕತ್ತೆ, ರೂಡಿಯೂ ಮರುವರ್ಷ ಹಾಗೇ ಮಾಡಿದ, ಟವೆಲನ್ನು ಇಸ್ತ್ರಿ ಮಾಡಿಸಿ ಹೊದಿಸಿದ. ಆ ಜಗಳದ ವರ್ಷಗಳಲ್ಲಿ ಯಾರೂ ಓರೆ ಮಾಡಿ ಕೇಳಲಿಲ್ಲ, ಒಬ್ಬನೇ ಕೇಳಿ ಏನು ಮಾಡುವುದು, ಆಗಲೇ ಇರಬೇಕು ಸದ್ದು ನಿಂತದ್ದು, ಅಥವಾ ಆಮೇಲೆ, ಹಾರ್ಲನ್ನನ ಹೆಂಡತಿ ವರ್ನಾಳ ಆಪರೇಷನ್ ವರ್ಷ ಮತ್ತೆ ಮಾತು ಶುರುವಾದ ಮೇಲೆ, ಅಷ್ಟರಲ್ಲಿ ಓರೆ ಮಾಡುವ ಚಾಳಿ ತಪ್ಪಿಹೋಗಿತ್ತು, ಗೊತ್ತಿಲ್ಲ. ಹಳೇ ಮಾಡೆಲ್ ಕಾರು ಕಟ್ಟುವವರಿಗೆಲ್ಲ ಗೊತ್ತಿರುವುದು ರೂಡಿಗೂ ಗೊತ್ತು, ಆ ಕಾಲದ ಮೆತ್ತನೆ ಟೈರಿನಲ್ಲಿ ಎಣ್ಣೆಯಂಥದ್ದೊಂದು ಇರುತ್ತದೆ, ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿಕೊಂಡು ಬಹುಕಾಲ ಕೂತರೆ ಅದನ್ನು ತಿನ್ನುತ್ತದೆ, ಸದ್ದಿಲ್ಲದೆ ಕರಗಿಸಿ ಒಳಗಿಳಿಯುತ್ತದೆ, ಹೋದ ತಿಂಗಳು ಕಾರ್ಮಿಕ ಸಂಘದ ಸಭಾಂಗಣದ ಮಾಡೆಲ್ ಸಂತೆಯಲ್ಲಿ ಅವನೇ ಒಬ್ಬಳು ಹೆಂಗಸಿಗೆ ಉಪದೇಶ ಮಾಡಿದ್ದ, ಮನೆಗೆ ಹೋದ ಕೂಡ್ಲೆ ಟೈರುಗಳನ್ನ ಬೇರೆ ಚೀಲಕ್ಕೆ ಹಾಕಿಬಿಡಮ್ಮ. ಒಡೆಯದ ಪೆಟ್ಟಿಗೆಗೆ ಏನು ಉಪದೇಶ ಮಾಡುವುದು. ಉರುಳುತ್ತಿದ್ದದ್ದು ನಿಂತಿದೆ ಅಂದರೆ ಎಲ್ಲೋ ಅಂಟಿದೆ, ಎಲ್ಲಿ, ನೆಲಪಟ್ಟಿಗಾದರೆ ಪರವಾಗಿಲ್ಲ, ಕೆಳಗಡೆಯದು, ಸೀಟಿಗಾದರೂ ಸರಿ, ತಿದ್ದಬಹುದು, ದೇವರೇ ಕಾರಿನ ಹೊರಮೈಗೆ ಬೇಡ, ಮುಂಗಾಜಿಗಂತೂ ಬೇಡವೇ ಬೇಡ, ಹೆಸರಿಗೆ ಗಾಜು, ಅದೂ ತಿಳಿ ಪ್ಲಾಸ್ಟಿಕ್ಕೇ, ಗಾಜನ್ನು ತಿದ್ದಲು ಯಾರಿಂದಲೂ ಆಗದು, ಅವನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು, ಟೊಲೀಡೊದ ಗಾಜಿನ ಕಾರ್ಖಾನೆಯಲ್ಲಿ ಇಡೀ ಆಯುಸ್ಸು ಕಾರಿನ ಮುಂಗಾಜುಗಳನ್ನು ಬೆಳಕಿಗೆ ಹಿಡಿದು ನೋಡಿದವನು, ಸಾಸಿವೆಯಷ್ಟು ಗುಳ್ಳೆ ಕಂಡರೂ ವಾಪಸು ಕಳಿಸಿದವನು.

ವರ್ನಾ ಬಾಗಿಲಲ್ಲೇ ನಿಂತಿದ್ದಾಳೆ, ಹೊಗೆಯಾಡುವ ಜೋಳದ ರೊಟ್ಟಿಯ ವಾಸನೆ ಅವಳಿಗಿಂತ ಮುಂಚೆ ಬೀದಿಗೆ ಬಂದಿದೆ, ಬಾರಪ್ಪ ರೂಡಿ, ಬೆಳಿಗ್ಗೆಯಿಂದ ಎಂಟು ಸಲ ಗಡ್ಡ ಹೆರೆದಿದಾನೆ, ನನ್ನ ನೋಡೋಕೆ ಬರ್ತಿದ್ದಾಗ್ಲೂ ಇಷ್ಟು ಶೃಂಗಾರ ಮಾಡ್ಕೊಂಡಿರ್ಲಿಲ್ಲ — ಕೆಳಗಿನ ಕೋಣೆಯ ಮೆಟ್ಟಿಲು, ಸಣ್ಣ ಕಿಟಕಿ, ಕಿಟಕಿಯ ಆಚೆ ಹಿಮ, ಹಿಮದ ಬೆಳಕು ಮೇಜಿನ ಮೇಲೆ ಹಾಲಿನಂತೆ ಬಿದ್ದಿದೆ, ಹಾರ್ಲನ್ ಎದ್ದು ನಿಂತ, ರೂಡಿಯ ಮುಖ ಬಿಟ್ಟು ಕಿವಿಯ ಕಡೆ ನೋಡಿದ, ಹಾಗೆ ಓರೆ ನೋಡಿದರೇ ಅವನಿಗೆ ಒಂದಿಷ್ಟು ಕಾಣುವುದು, ದಪ್ಪಗಾಗಿದೀಯ, ನನ್ನ ಕಿವೀನಾ, ಕಿವಿಯೇ ಕಣೋ, ನಿನ್ನಲ್ಲಿ ನೋಡೋಕೆ ಲಾಯಕ್ಕಾಗಿ ಉಳಿದಿರೋದು ಅದೊಂದೇ. ಕೂತರು. ಪೆಟ್ಟಿಗೆ ನಡುವೆ. ಕಪ್ಪೇ ಬಳಿಯೋಣ, ಅಂದ ರೂಡಿ, ದಾರಿಯುದ್ದಕ್ಕೂ ಇದನ್ನು ಹೇಗೆ ಹೇಳುವುದೆಂದು ತೂಗಿದ್ದು ಸುಮ್ಮನೆ ಬಾಯಿಂದ ಬಿದ್ದುಹೋಯಿತು, ಹಾರ್ಲನ್ ನಕ್ಕ, ನನಗೀಗ ಎರಡೂ ಕಪ್ಪೇ ಅಲ್ವೇನೋ, ನಿನ್ನ ಸೂಳೆಗೇರಿ ಕೆಂಪನ್ನೇ ಬಳಿ, ಹೋಗ್ಲಿ — ನಗುತ್ತಲೇ ಹೇಳಿದ, ರೂಡಿ ಪೆಟ್ಟಿಗೆಯನ್ನು ಅವನ ಕಡೆ ತಳ್ಳಿದ. ನೀನೇ ಹರಿ. ಹಾರ್ಲನ್‌ನ ಕೈಗಳು ಹಾಳೆಯ ಮೇಲೆ ಇಳಿದವು, ಅಗಲ ಕೈಗಳು, ಕಾರು ಕಾರ್ಖಾನೆಯಲ್ಲಿ ಬಿಳಿ ಹತ್ತಿಯ ಕೈಗವಸು ತೊಟ್ಟು ಬಾಗಿಲು ಬಾನೆಟ್ಟುಗಳ ಮೇಲೆ ಸವರಿಕೊಂಡು ಹೋಗುವ ಕೆಲಸ ಅವನದು, ಕಣ್ಣಿಗೆ ಬೀಳದ ತಗ್ಗು ಅಂಗೈಗೆ ಸಿಗುತ್ತಿತ್ತು, ಸಿಕ್ಕರೆ ಸುತ್ತ ಹಳದಿ ಸೀಮೆಸುಣ್ಣದಲ್ಲಿ ಒಂದು ವೃತ್ತ, ವಾಪಸು, ಸಿಗದಿದ್ದರೆ ಗೆಣ್ಣಿನಿಂದ ಎರಡು ಸಲ ಟಕ್ ಟಕ್, ಮುಂದಕ್ಕೆ ಹೋಗು, ಮನೆಯಲ್ಲೂ ಅದೇ ಚಾಳಿ, ವರ್ನಾ ರೊಟ್ಟಿ ತಂದಿಟ್ಟರೆ ಮೇಜಿಗೆ ಟಕ್ ಟಕ್, ಪಾಸು. ಹಾಳೆ ಹರಿಯಿತು. ಎಷ್ಟು ಸಣ್ಣ ಸದ್ದು, ಇಷ್ಟಕ್ಕೇನಾ, ಮುಚ್ಚಳ ಮೇಲೆದ್ದಾಗ ಒಳಗಿನಿಂದ ಬಂದ ವಾಸನೆ — ಹೊಸ ಪ್ಲಾಸ್ಟಿಕ್ಕು, ಹೊಸ ರಟ್ಟು, ಆ ಚಳಿಗಾಲದ ಗಾಳಿಯೇ ಒಳಗಿತ್ತೇನೋ, ಒದ್ದೆ ಉಣ್ಣೆಯ ಕೈಗವಸು, ಮುರಿದ ಹಲ್ಲು, ಅಮ್ಮನ ಕೋಳಿಸಾರು, ಇಬ್ಬರೂ ಮೂಗು ತಗ್ಗಿಸಿ ಕೂತರು, ಮೇಲೆ ವರ್ನಾ ಪಾತ್ರೆ ಇಡುವ ಸದ್ದು ಬಹಳ ದೂರದ್ದೆನಿಸಿತು.

ಹಾರ್ಲನ್ ಒಂದೊಂದಾಗಿ ಎತ್ತಿ ಬೆರಳಲ್ಲೇ ಹೆಸರು ಹೇಳಿದ, ಎಂಜಿನ್ನಿನ ಅರ್ಧ, ಇದು ಗ್ರಿಲ್ಲು, ಅಬ್ಬ ಎಷ್ಟು ನುಣುಪು, ಇದು ಬಾಗಿಲು, ಎಡದ್ದು, ಮಗುವಿನ ಕೆನ್ನೆ ಮುಟ್ಟುವಂತೆ ಮುಟ್ಟಿದ, ಮುಖ ಬೆಳಗುತ್ತಿತ್ತು, ಆ ಮುಖ ನೋಡುತ್ತ ರೂಡಿಗೆ ಇಷ್ಟೇ ಸಾಕೆನಿಸಿತು, ಚೀಲದಲ್ಲಿ ಮೂರು ಟೈರು, ಹೊರಮೈ ಸರಿಯಾಗಿದೆ, ದೇವರು ದೊಡ್ಡವನು, ಸೀಟು ಸರಿಯಾಗಿದೆ, ನೆಲಪಟ್ಟಿ — ಕೊನೆಗೆ ಮೂಲೆಯಲ್ಲಿ, ಕೊನೆಯ ಕಾಗದದ ಕೆಳಗೆ, ನಾಲ್ಕನೆಯದು, ಗಾಜಿನ ಮೇಲೆ ಓರೆಯಾಗಿ ಮಲಗಿತ್ತು. ಓಡುತ್ತಿದ್ದದ್ದು ಅದೇ. ಅದೇ ಟೈರು, ಅವರ ಬಾಲ್ಯವೆಲ್ಲ ಪೆಟ್ಟಿಗೆಯೊಳಗೆ ಗುಡುಗುಡು ಓಡಿ, ಓಡಿ, ಯಾರೂ ಕೇಳದ ಯಾವುದೋ ವರ್ಷ ಅಲ್ಲಿ ನಿಂತಿತು. ರೂಡಿ ಅದನ್ನು ಎಳೆದ, ಗಾಯದ ಪಟ್ಟಿ ಕಿತ್ತ ಹಾಗೆ ಬಿಟ್ಟುಬಂತು, ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದ, ಅಭ್ಯಾಸ, ನಡುಮಧ್ಯೆ, ಚಾಲಕ ನೋಡುವ ಜಾಗದಲ್ಲೇ, ಅರ್ಧಚಂದ್ರದ ಗುರುತು, ಕರಗಿ ಕುಳಿಬಿದ್ದು ಬೆಳ್ಳಗೆ ಮಂಜಾಗಿದೆ, ಟೈರಿನ ಗೆರೆಗಳು ಸಮೇತ ಒಳಗಿಳಿದಿವೆ, ಅದರ ಮೂಲಕ ಹಿಮ ಕಾಣುವುದಿಲ್ಲ. ಮೂವತ್ತು ವರ್ಷ ಹಿಂದೆ ತೆಗೆದಿದ್ದರೆ. ಕೈ ಪಳಗಲಿ, ಕೈ ಪಳಗಲಿ ಅಂದವರು ಯಾರು, ಇಬ್ಬರೂ ಅಂದೆವು, ಒಬ್ಬರನ್ನೊಬ್ಬರು ಕಾಯಿಸಿದೆವು. ಗಾಜು ಸಿಕ್ತೇನೋ, ಹಾರ್ಲನ್ ಕೇಳಿದ, ಓರೆಯಾಗಿ, ಅವನ ಕಿವಿಯ ಕಡೆ ನೋಡುತ್ತ, ಹೇಗಿದೆ. ರೂಡಿ ಬಾಯಿ ತೆರೆದ, ಸಾಸಿವೆಯಷ್ಟು ಗುಳ್ಳೆಗೂ ವಾಪಸು ಕಳಿಸಿದವನು, ಒಂದು ಸುಳ್ಳನ್ನೂ ಗಾಜಿನ ಬಗ್ಗೆ ಆಡದವನು, ಹೊಸದರ ಹಾಗಿದೆ ಕಣೋ, ಅಂದ, ಒಂದು ಗೀರೂ ಇಲ್ಲ, ನೀರಿದ್ದ ಹಾಗಿದೆ. ಹೌದೇ, ಕೊಡಿಲ್ಲಿ, ಅಂದ ಹಾರ್ಲನ್, ಕೈ ಚಾಚಿದ, ಆ ಕೈ, ಆ ಕೈ ಯಾರದು ಎಂದು ಆಗ ನೆನಪಾಯಿತು, ತಡವಾಗಿತ್ತು, ಗಾಜು ಕೊಟ್ಟಾಗಿತ್ತು. ಬೆರಳು ಅಂಚಿನಿಂದ ಹೊರಟಿತು, ಚೌಕಟ್ಟಿನ ಉದ್ದಕ್ಕೆ, ಮೆಲ್ಲಗೆ, ಮೂಲೆ ತಿರುಗಿತು, ಒಳಕ್ಕೆ ಬಂತು, ಹಾರ್ಲನ್‌ನ ಮುಖದಲ್ಲಿ ಇನ್ನೂ ಆ ನಗುವಿದೆ, ಬೆರಳು ನಡುವಿಗೆ ಬಂತು, ನಿಂತಿತು. ನಗು ಹೋಗಲಿಲ್ಲ. ಬೆರಳು ಆ ಕುಳಿಯ ಸುತ್ತ ನಿಧಾನವಾಗಿ ತಿರುಗಿತು, ಸೀಮೆಸುಣ್ಣವಿಲ್ಲದೆ, ಒಂದು ಪೂರ್ತಿ ವೃತ್ತ, ಆಮೇಲೆ ಗೆಣ್ಣು ಮಡಚಿ ಗಾಜಿನ ಮೇಲೆ, ಅರ್ಧಚಂದ್ರದ ಮೇಲೇ, ಎರಡು ಸಲ, ಟಕ್ ಟಕ್, ನಿಜ ಕಣೋ, ಹೊಸದರ ಹಾಗೇ ಇದೆ, ಬಾ, ಕಟ್ಟೋಣ — ವೃತ್ತ ಬರೆದದ್ದನ್ನು ಅವನು ಆಯುಸ್ಸಿನಲ್ಲಿ ಒಮ್ಮೆಯೂ ಮುಂದಕ್ಕೆ ಬಿಟ್ಟವನಲ್ಲ, ಹಿಮದ ಬೆಳಕು, ಗಾಜು, ಗಾಜಿನ ಮೇಲೆ ಅರ್ಧಚಂದ್ರ, ಅದರ ಮೇಲೆ ಬೆರಳು, ಅಲ್ಲೇ, ಇನ್ನೂ ತೆಗೆದಿಲ್ಲ, ಅರ್ಧಚಂದ್ರದ ಮೇಲೆ ಹಾರ್ಲನ್‌ನ ಬೆರಳು