ಗೋಡೆಯ ಕಣ್ಣು

ಚೆಂಡು ಕೈಗವಸಿಗೆ ಬಡಿದ ಸದ್ದಿಗೇ ನಾಲ್ಕು ಫ್ಲ್ಯಾಶ್‌ಗಳು ಒಟ್ಟಿಗೆ ಹೊತ್ತಿ ಆರಿದವು. ಹಾಲ್ ಮತ್ತೆ ಮಬ್ಬಾಯಿತು. ಗೋಲಿನ ಬಲೆಯ ಕಡೆಯಿಂದ ಅಣ್ಣನ ದನಿ ಬಂತು.

"ಬಂತಾ?"

"ಬಂದಿದೆ. ಚೆಂಡಿಗೆ ಬಾಲವೂ ಬಂದಿದೆ," ಅಂದಳು ತಂಗಿ, ಕ್ಯಾಮೆರಾದ ಪುಟ್ಟ ಪರದೆ ನೋಡುತ್ತ.

ಚೆಂಡು ತನ್ನ ಹಿಂದೆ ಒಂದು ಬಿಳಿ ಮಸುಕನ್ನು ಎಳೆದುಕೊಂಡು ಬಂದಿತ್ತು. ಮಂಕು ಬೆಳಕಲ್ಲಿ ಯಾರ ಮುಖ ಬರುತ್ತೆ ಎಂದು ಅಣ್ಣ ಬೆಳಗಿನಿಂದ ತಲೆ ತಿಂದು, ಫ್ಲ್ಯಾಶ್‌ಗಳ ಶಕ್ತಿಯನ್ನು ಪೂರ್ತಿ ಏರಿಸಿದ್ದ. ಈ ಕಸುಬಿನಲ್ಲಿ ಲೆಕ್ಕ ಉಲ್ಟಾ. ಶಕ್ತಿ ಏರಿಸಿದಷ್ಟೂ ಮಿಂಚು ಉದ್ದವಾಗುತ್ತದೆ, ಅದು ಮುಗಿಯುವುದರೊಳಗೆ ಚೆಂಡು ಜಾರಿಕೊಂಡಿರುತ್ತದೆ. ಇಳಿಸಿದಷ್ಟೂ ಮಿಂಚು ಗಿಡ್ಡವಾಗಿ, ಚೆಂಡನ್ನು ಇದ್ದಲ್ಲೇ ಕಟ್ಟಿಹಾಕುತ್ತದೆ. ಅವಳು ನಾಲ್ಕನ್ನೂ ಕಡೆಯ ಅಂಕಿಗೆ ಇಳಿಸಿದಳು. ಕಡಿಮೆಯಾದ ಬೆಳಕನ್ನು ತುಂಬಿಕೊಳ್ಳಲು ಸ್ಟ್ಯಾಂಡುಗಳನ್ನು ಅಣ್ಣನ ಹತ್ತಿರಕ್ಕೆ ಎಳೆದು ತಂದಳು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಮೂಲೆಯಲ್ಲೊಂದು ಸಣ್ಣ ದೀಪ, ಅದೂ ಅಣ್ಣನಿಗೆ ಚೆಂಡು ಕಾಣುವಷ್ಟು, ಕಣ್ಣು ತೆರೆದುಕೊಂಡೇ ಕಾದಿರುವ ಕ್ಯಾಮೆರಾಕ್ಕೆ ಏನೂ ಕಾಣದಷ್ಟು. ಚೆಂಡು ಬಡಿದ ಸದ್ದು ಕೇಳಿದರೆ ಗೋಲಿನ ಕಂಬಕ್ಕೆ ಕಟ್ಟಿದ ಮೈಕು ಫ್ಲ್ಯಾಶ್‌ಗಳನ್ನು ಎಬ್ಬಿಸುತ್ತದೆ. ಒತ್ತುವ ಬೆರಳನ್ನು ನಂಬಿ ಕೂತರೆ ಬರೀ ಬಲೆಯ ಫೋಟೋ ಸಿಗುತ್ತದೆ.

ಊರಿಗೆಲ್ಲ ಅವಳ ಅಣ್ಣ 'ಗೋಡೆ'. ವರ್ಷಗಟ್ಟಲೆ ಕ್ಲಬ್ಬಿನ ಗೋಲು ಕಾದು, ಈಗ ಆಟ ಬಿಟ್ಟು ಗೋಲ್‌ಕೀಪರುಗಳ ತರಬೇತಿ ಶಾಲೆ ತೆರೆಯಲು ಹೊರಟಿದ್ದ. ಅದರ ಪೋಸ್ಟರಿಗಾಗಿಯೇ ಈ ಫೋಟೋ. ಫೋಟೋಗಿಂತ ಮೊದಲೇ ಅದರ ಕೆಳಗಿನ ವಾಕ್ಯ ಸಿದ್ಧವಾಗಿತ್ತು: 'ಎವೆಯಿಕ್ಕದ ಗೋಡೆ'. ಚೆಂಡು ಬರುವಾಗ ಕಣ್ಣು ಮುಚ್ಚುವವರಿಗೆ ಗೋಲಿನಲ್ಲಿ ಜಾಗವಿಲ್ಲ ಎಂಬುದು ಅವನ ವಿದ್ಯೆಯ ಮೊದಲ ಪಾಠ, ಹೆಚ್ಚುಕಡಿಮೆ ಕಡೆಯದೂ ಅದೇ. ಚಿಕ್ಕಂದಿನಲ್ಲಿ ಈ ಪಾಠಕ್ಕೆ ಮೊದಲು ಬಲಿಯಾದವಳು ತಂಗಿ. ಅಕ್ಕಪಕ್ಕದ ಮನೆಯ ಹುಡುಗರೆದುರು, ಕಣ್ಣು ಮಿಟುಕಿಸಿದ್ದಕ್ಕೆ ಅವಳಿಗೆ 'ಮಿಟುಕಿ' ಎಂದು ಹೆಸರಿಟ್ಟು ಆಟದಿಂದ ಎಬ್ಬಿಸಿದ್ದ. ಅವಳು ಮದುವೆಯಾದಳು, ಸ್ಟುಡಿಯೋ ಹಾಕಿದಳು, ಕನ್ನಡಕ ಬಂತು, ಹೆಸರು ಮಾತ್ರ ಹೋಗಲಿಲ್ಲ. ಹೋದ ವಾರ ಅದೇ ಪಾಠಕ್ಕೆ ಬಲಿಯಾದದ್ದು ಅವನ ಸ್ವಂತ ಮಗಳು.

"ಅವಳೂ ನಿನ್ನ ಥರಾನೇ ಕಣೇ ಮಿಟುಕಿ. ರಕ್ತದಲ್ಲೇ ಬಂದಿದೆ. ಮನೇಲಿರು ಅಂದ್ಬಿಟ್ಟೆ," ಎಂದಿದ್ದ ಅಣ್ಣ.

ಅಂದಿನಿಂದ ಹುಡುಗಿ ಸ್ಕೂಲು ಮುಗಿಸಿ ಸೀದಾ ಅತ್ತೆಯ ಸ್ಟುಡಿಯೋಗೆ ಬಂದು, ಕಿಟಕಿಯ ಪಕ್ಕದ ಸೋಫಾದಲ್ಲಿ ಮಾತಿಲ್ಲದೆ ಕೂರುತ್ತಿದ್ದಳು. ಬಿಸ್ಕತ್ತಿನ ಡಬ್ಬ ಖಾಲಿಯಾಗುತ್ತಿತ್ತು. ದುಃಖಕ್ಕೆ ಹಸಿವು ಹೆಚ್ಚು ಎಂದುಕೊಂಡಳು ಮಿಟುಕಿ. ಆ ಮೌನ ಅವಳಿಗೆ ಗುರುತಿದ್ದ ಮೌನ. ಈ ಮಗುವನ್ನು ಮತ್ತೆ ಗೋಲಿನಲ್ಲಿ ನಿಲ್ಲಿಸದಿದ್ದರೆ ತಾನು ಅತ್ತೆಯಲ್ಲ ಎಂದು ಮನಸ್ಸಿನಲ್ಲೇ ಹಟ ತೊಟ್ಟಿದ್ದಳು. ಹೇಗೆ ಎಂಬುದು ಮಾತ್ರ ಹೊಳೆದಿರಲಿಲ್ಲ.

"ಇನ್ನೊಂದು ಒದೀರಿ," ಅಂದಳು ಚೆಂಡು ಒದೆಯಲು ಬಂದಿದ್ದ ಕ್ಲಬ್ಬಿನ ಸ್ಟ್ರೈಕರ್‌ಗೆ. "ಕರುಣೆ ಬೇಡ."

ಒದ್ದ. ಬಡಿಯಿತು. ಹೊತ್ತಿ ಆರಿತು.

ಈ ಸಲ ಚೆಂಡಿಗೆ ಬಾಲವಿರಲಿಲ್ಲ. ಅಂಗೈಗೆ ಒತ್ತಿಕೊಂಡ ಕಡೆ ಅದು ಹಿಟ್ಟಿನ ಉಂಡೆಯಂತೆ ಚಪ್ಪಟೆಯಾಗಿತ್ತು, ಗವಸಿನಿಂದ ಎದ್ದ ಧೂಳಿನ ಕಣಗಳು ಒಂದೊಂದೂ ಗಾಳಿಯಲ್ಲಿ ನಿಂತಿದ್ದವು. ಅದರ ಹಿಂದೆ ಗೋಡೆಯ ಮುಖ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಮೂಗು ಸೊಟ್ಟಗಾಗಿ, ಕಹಿ ಔಷಧಿ ಕುಡಿಸುವಾಗ ಮಕ್ಕಳು ಮಾಡುವ ಮುಖ.

ಅಣ್ಣ ಬಂದು ಇಣುಕಿದ.

"ನಿನ್ನ ಫ್ಲ್ಯಾಶು ಕಣ್ಣಿಗೆ ಹೊಡೀತು," ಅಂದ.

"ಅದು ಬಂದು ಹೋಗೋದ್ರೊಳಗೆ ರೆಪ್ಪೆಗೆ ಸುದ್ದೀನೇ ಮುಟ್ಟಲ್ಲ ಅಣ್ಣ. ಫ್ಲ್ಯಾಶ್ ಬಂದಾಗ ನಿನ್ನ ಕಣ್ಣು ಆಗ್ಲೇ ಮುಚ್ಚಿತ್ತು."

"ಹಾಗಾದ್ರೆ ಬರುತ್ತೆ ಅಂತ ಮೊದಲೇ ಗೊತ್ತಿತ್ತಲ್ಲ, ಅದಕ್ಕೇ."

"ಇರಬಹುದು," ಎಂದು ಅವಳು ಒಪ್ಪಿಕೊಂಡಳು. "ಹಾಗಾದ್ರೆ ಈ ಸಲ ಫ್ಲ್ಯಾಶ್ ಬೇಡ. ಸುಮ್ನೆ ಒಂದು ಹಿಡಿ, ಮೈಕು ಸರಿ ಇದೆಯಾ ನೋಡ್ಕೋತೀನಿ."

ಫ್ಲ್ಯಾಶ್‌ಗಳನ್ನು ಅವಳು ಆರಿಸಲಿಲ್ಲ. ಅಣ್ಣ ಏನನ್ನೂ ಎದುರುನೋಡದೆ, ಅಭ್ಯಾಸದಲ್ಲಿ ಹಿಡಿಯುವಂತೆ ಹಿಡಿದ. ಚಿತ್ರದಲ್ಲಿ ಚೆಂಡು ಗವಸಿನ ನಟ್ಟನಡುವೆ ಇತ್ತು. ಕಣ್ಣು ಮೊದಲಿಗಿಂತ ಬಿಗಿಯಾಗಿತ್ತು.

ಸ್ಟ್ರೈಕರ್ ಸುಮ್ಮನೆ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡ. ವರ್ಷಾನುವರ್ಷ ಕ್ಲಬ್ಬಿನ ಅಭ್ಯಾಸದಲ್ಲಿ ಈ ಮನುಷ್ಯನಿಗೆ ಗೋಲು ಹೊಡೆಯಲಾಗದೆ ಹಲ್ಲು ಕಚ್ಚಿದವರಲ್ಲಿ ಅವನೂ ಒಬ್ಬ. ಆ ಚೆಂಡುಗಳನ್ನೆಲ್ಲ ಕಣ್ಣುಮುಚ್ಚಿಕೊಂಡೇ ತಡೆದಿದ್ದ ಎಂಬುದು ಹೆಮ್ಮೆಯ ವಿಷಯವೋ ನಾಚಿಕೆಯದೋ ಅವನಿಗೆ ತಿಳಿಯಲಿಲ್ಲ. ಗೋಡೆಗೆ ಮಾತ್ರ ಆ ಗೊಂದಲವಿರಲಿಲ್ಲ.

ಮರುದಿನ ಮಧ್ಯಾಹ್ನ ಒಬ್ಬನೇ ಸ್ಟುಡಿಯೋಗೆ ಬಂದ. ಕೂರಲಿಲ್ಲ.

"ಕಂಪ್ಯೂಟರಲ್ಲಿ ಕಣ್ಣು ತೆರೆಸೋಕಾಗುತ್ತಂತಲ್ಲ."

"ಆಗುತ್ತೆ."

"ತೆರೆಸು ಮತ್ತೆ."

"ಇದನ್ನೇ ಹಾಕು ಅಣ್ಣ. ಕಣ್ಣು ಮುಚ್ಚಿದ್ರೂ ಹಿಡಿದಿದ್ದೀಯಲ್ಲ. ಅದಲ್ವಾ ದೊಡ್ಡದು?"

"ಬೇರೆಯವರಿಗೆ ಕಣ್ಣು ಬಿಡು ಅಂತ ಹೇಳೋನು ಈ ಮುಖ ಹಾಕ್ಕೊಂಡು ಕೂರ್ಲಾ? ನಿಂಗೆ ತಮಾಷೆ."

ಅವಳಿಗೆ ಒಂದು ಕ್ಷಣ ಆಸೆಯಾಯಿತು. ಆ ಮುಚ್ಚಿದ ಕಣ್ಣಿನ ಚಿತ್ರವನ್ನು ಬಾಗಿಲಷ್ಟು ದೊಡ್ಡದು ಮಾಡಿ ಬೀದಿಗೆ ಕಾಣುವಂತೆ ನೇತುಹಾಕಬಹುದಿತ್ತು. ಆದರೆ ಸೋಫಾ ಕಣ್ಣಿಗೆ ಬಿತ್ತು, ಸೋಫಾದ ಮೇಲಿನ ಬಿಸ್ಕತ್ತಿನ ಪುಡಿ ಕಣ್ಣಿಗೆ ಬಿತ್ತು.

"ತೆರೆಸ್ತೀನಿ. ಮಗಳನ್ನ ವಾಪಸ್ ಸೇರಿಸ್ಕೋ. ಮಿಟುಕಿಸ್ತಾಳೆ ಅಂತ ಇನ್ನೊಂದ್ಸಲ ಬಾಯಿ ಬಿಡಬಾರದು."

ಅಣ್ಣ ಬಾಗಿಲ ಕಡೆ ನೋಡಿದ, ಪರದೆಯ ಕಡೆ ನೋಡಿದ. "ಆಯ್ತು," ಅಂದ, ಹಲ್ಲು ಕೀಳಿಸಿಕೊಳ್ಳಲು ಒಪ್ಪಿದವನಂತೆ.

ಕೆಲಸಕ್ಕೆ ಕೂತಾಗ ತೊಡಕು ಎದುರಾಯಿತು. ಅಣ್ಣನ ಹಳೆಯ ಫೋಟೋಗಳಲ್ಲಿ ಇದ್ದ ಕಣ್ಣುಗಳೆಲ್ಲ ಸನ್ಮಾನ ಮಾಡಿಸಿಕೊಳ್ಳುವ ಕಣ್ಣುಗಳು, ಒಂದೂ ಒಗ್ಗಲಿಲ್ಲ. ಕೊನೆಗೆ ಮಿಟುಕಿ ಕನ್ನಡಕ ತೆಗೆದಿಟ್ಟು, ಫ್ಲ್ಯಾಶನ್ನು ಅದೇ ಬದಿಗೆ ನಿಲ್ಲಿಸಿ, ತನ್ನದೇ ಮುಖ ತೆಗೆದಳು. ಒಂದೇ ತಾಯಿಯ ಮಕ್ಕಳು, ಕಣ್ಣು ಅಚ್ಚೊತ್ತಿದಂತೆ ಹೊಂದಿದವು. ಎದುರಿನಿಂದ ಚೆಂಡು ಬರುತ್ತಿರಲಿಲ್ಲವಾದ್ದರಿಂದ ಅಗಲವಾಗಿಯೂ ಇದ್ದವು. ಸೊಟ್ಟ ಮೂಗನ್ನು ಸ್ವಲ್ಪ ನೇರ ಮಾಡಿ, ಅಣ್ಣನ ಹುಬ್ಬುಗಳ ಕೆಳಗೆ ತನ್ನ ಕಣ್ಣುಗಳನ್ನು ಕೂರಿಸಿದಳು.

ಸಂಜೆ ಅಣ್ಣ ಬಂದು ನೋಡಿದ. ದೂರ ಹೋಗಿ ನೋಡಿದ, ಹತ್ತಿರ ಬಂದು ನೋಡಿದ.

"ನೋಡೇ ಮಿಟುಕಿ," ಅಂದ, ದನಿ ಸ್ವಲ್ಪ ಗದ್ಗದ. "ಈ ನೋಟ ಇದೆಯಲ್ಲ, ಇದು ಕಲಿಸಿದ್ರೆ ಬರೋದಲ್ಲ. ಹುಟ್ಟಿನಿಂದಲೇ ಬರಬೇಕು."

"ಹೌದಣ್ಣ," ಅಂದಳು ಅವಳು, ಕನ್ನಡಕ ಒರೆಸುತ್ತ. ಆ ಗಳಿಗೆಯಲ್ಲಿ ಅವನು ಬೇರೇನು ಕೇಳಿದ್ದರೂ ಕೊಟ್ಟುಬಿಡುತ್ತಿದ್ದಳು. ಆದರೆ ಮೊದಲು ಅವನು ಕೊಟ್ಟ ಮಾತು ನಡೆಯಬೇಕಿತ್ತು. ಹುಡುಗಿ ಬಿಸ್ಕತ್ತು ತಿನ್ನುತ್ತ ಕೂತಿದ್ದ ಸೋಫಾದ ಕಡೆಗೆ ಕಣ್ಸನ್ನೆ ಮಾಡಿದಳು.

ಅಣ್ಣ ಗಂಟಲು ಸರಿಮಾಡಿಕೊಂಡು ಮಗಳ ಎದುರು ನಿಂತ. ಸೋತವನ ಮುಖವನ್ನು ಉದಾರಿಯ ಮುಖವಾಗಿ ತಿದ್ದಿಕೊಳ್ಳಲು ಅವನಿಗೆ ಯಾವ ಕಂಪ್ಯೂಟರೂ ಬೇಕಾಗಲಿಲ್ಲ.

"ಪುಟ್ಟೀ, ನಾಳೆಯಿಂದ ಪ್ರಾಕ್ಟೀಸಿಗೆ ಬಾ. ಶಾಲೆಗೆ ಮೊದಲನೇ ಹೆಸರು ನಿಂದೇ ಬರ್ಕೋತೀನಿ. ಕಣ್ಣು ಮುಚ್ಚಿದ್ರೂ ಪರವಾಗಿಲ್ಲ, ನಾನೇನೂ ಅನ್ನಲ್ಲ."

ಹುಡುಗಿ ಬಾಯಲ್ಲಿದ್ದದ್ದನ್ನು ನುಂಗಿ ಅಪ್ಪನನ್ನು ನೋಡಿದಳು, ಆಮೇಲೆ ಅತ್ತೆಯನ್ನು.

"ಇದು ನೀವು ಹೇಳ್ಸಿದ್ದಾ ಅತ್ತೆ?"

"ನಿಂಗೋಸ್ಕರ ಕಣೇ. ನನಗಾದದ್ದು ನಿನಗಾಗಬಾರದು ಅಂತ."

"ಅಯ್ಯೋ ಅತ್ತೆ," ಅಂದಳು ಹುಡುಗಿ, ನಿಜವಾಗಿಯೂ ಕನಿಕರದಿಂದ. "ನಾನು ಬೇಕಂತಲೇ ಮುಚ್ತಿದ್ದೆ. ಗೋಲಲ್ಲಿ ನಿಲ್ಲೋದು ಅಂದ್ರೆ ನಂಗೆ ಮೊದಲಿಂದ ಆಗಲ್ಲ. ಕಣ್ಣು ಮುಚ್ಚಿದ್ದಕ್ಕೆ ನಿಮ್ಮನ್ನ ಆಟದಿಂದ ಹೇಗೆ ಎಬ್ಬಿಸಿದೆ ಅಂತ ಅಪ್ಪ ದಿನಾ ಹೇಳ್ತಾನಲ್ಲ, ಅದನ್ನ ಕೇಳಿ ಕೇಳಿಯೇ ಹೊಳೆದದ್ದು."

"ಈಗ ಬೈತೀನಿ ಅನ್ನೋ ಭಯ ಇಲ್ವಲ್ಲ," ಅಂದ ಅಪ್ಪ, ಅರ್ಧ ಮಾತ್ರ ಕೇಳಿಸಿಕೊಂಡವನಂತೆ. "ಹೆಂಗೆ ಬೇಕಾದ್ರೂ ಹಿಡಿ. ಬಾ."

"ಬರಲ್ಲ," ಅಂದಳು ಹುಡುಗಿ.